ಗೇಟಿಂದ ನೂರಾ ಇಪ್ಪತ್ತೆಂಟು ಹೆಜ್ಜೆ

ಹೋದ ಜೂನಲ್ಲಿ ನನ್ನ ಟ್ಯೂಷನ್‌ಗೆ ಬರೋ ಸೆಕೆಂಡ್ ಪಿಯುಸಿ ಹುಡುಗಿಯೊಬ್ಬಳು ಕ್ಲಾಸ್ ಮುಗಿದ್ಮೇಲೂ ಹೋಗ್ದೆ ಬಾಗಿಲ ಹತ್ರಾನೇ ನಿಂತಿದ್ಲು. ಏನಮ್ಮಾ ಅಂದ್ರೆ, "ಸರ್, ತಂಬಾಕು ವಿರೋಧಿ ದಿನದ್ದು ಭಾಷಣ ಐತೆ, ಒಂದೈದು ಪಾಯಿಂಟ್ಸ್ ಕೊಡ್ರಿ" ಅಂದ್ಲು. ತಂಬಾಕು ವಿರೋಧಿ ದಿನ ಅಂದ್ರೆ ಮೇ 31, ಆದ್ರೆ ಆಗ ಬೇಸಿಗೆ ರಜೆ, ಹಂಗಾಗಿ ನಮ್ಮ ದಾವಣಗೆರೆ ಕಡೆ ಎಷ್ಟೋ ಕಾಲೇಜಲ್ಲಿ ಇದನ್ನ ಜೂನಲ್ಲಿ, ಯೋಗ ದಿನದ ಹಿಂದೆಮುಂದೆ, ಯಾವಾಗ ಶಾಮಿಯಾನ ಹಾಕಿರ್ತಾರೋ ಆವಾಗ ಮುಗಿಸಿಬಿಡ್ತಾರೆ.

ಪಾಯಿಂಟ್ಸ್ ಹೇಳೋಕೆ ಬಾಯಿ ತೆಗೆದೆ. ಕ್ಯಾನ್ಸರ್ ಬರುತ್ತೆ, ಮನೆ ದುಡ್ಡು ಹಾಳಾಗುತ್ತೆ, ನಮ್ಮ ದೇಶದಲ್ಲಿ ತಂಬಾಕಿಂದ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಸಾಯ್ತಾರೆ, ಇಂದಿನ ಯುವಕರೇ ನಾಳಿನ ಪ್ರಜೆಗಳು. ನಾಲ್ಕು ಹೇಳಿದ್ಮೇಲೆ ನಂಗೇ ನಾಚಿಕೆ ಆಯ್ತು. ಇದೇ ಭಾಷಣ ನಾನೂ ಮಾಡಿದ್ದೆ, ಬಹುಮಾನಕ್ಕೆ ಸ್ಟೀಲ್ ಡಬ್ಬಿ ಬಂದಿತ್ತು, ಅಮ್ಮ ಅದರಲ್ಲಿ ಈಗ್ಲೂ ಜೀರಿಗೆ ಇಟ್ಟಿದಾಳೆ. ಆ ಭಾಷಣದಿಂದ ಒಬ್ಬನೇ ಒಬ್ಬ ಬೀಡಿ ಬಿಟ್ಟಿದ್ದು ನಾನು ಕಾಣೆ.

ಹಂಗಾಗಿ ಎದ್ದು ಹೋಗಿ ಬೀರು ಮೇಲಿಂದ ಹಳೇ ಟೇಪು ತೆಗೆದು ಅವಳ ಕೈಗೆ ಕೊಟ್ಟೆ. ಮೂವತ್ತು ಮೀಟರ್‌ದು, ಗಾರೆ ಮೇಸ್ತ್ರಿಗಳು ಪಾಯ ಗುರುತು ಹಾಕೋಕೆ ಹಿಡೀತಾರಲ್ಲ, ಅದು. ಒಬ್ಬ ಮೇಸ್ತ್ರಿಯಿಂದ 2017ರಲ್ಲಿ ಎರಡು ದಿನಕ್ಕೆ ಅಂತ ಇಸ್ಕೊಂಡಿದ್ದು, ವಾಪಸ್ ಕೊಟ್ಟಿಲ್ಲ. "ಇದೇನ್ ಸರ್?" ಅಂದ್ಲು. ಅದನ್ನ ಹೇಳೋಕೆ ಹೋಗಿ ಅವತ್ತು ಅರ್ಧ ಗಂಟೆ ಆಯ್ತು, ಅವಳಿಗೆ ಬಸ್ಸೂ ತಪ್ಪಿತು. ಆ ಅರ್ಧ ಗಂಟೇಲಿ ಅವಳಿಗೆ ಹೇಳಿದ್ದು, ಹೇಳದೆ ಬಿಟ್ಟಿದ್ದು ಎರಡನ್ನೂ ಇಲ್ಲಿ ಬರೀತಿದೀನಿ.

ಡಿಗ್ರಿ ಕೊನೇ ವರ್ಷದಲ್ಲಿ ನಮ್ಮ ಕಾಲೇಜಲ್ಲಿ ಗುಲಾಬಿ ಆಂದೋಲನ ಮಾಡಿದ್ವಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ನಮ್ಮ ರಾಜ್ಯದ ತುಂಬ ಇದು ನಡೀತದೆ, ವಿದ್ಯಾರ್ಥಿಗಳು ಮೆರವಣಿಗೆ ಹೋಗಿ ಬೀಡಾ ಅಂಗಡಿಯವರಿಗೆ, ಸೇದ್ತಾ ನಿಂತವರಿಗೆ ಒಂದೊಂದು ಗುಲಾಬಿ ಹೂ ಕೊಟ್ಟು ದಯವಿಟ್ಟು ಬಿಡ್ರಿ ಅಂತ ಕೇಳ್ಕೊಳೋದು. ಐಡಿಯಾ ಚೆನ್ನಾಗೇ ಇದೆ, ಬೈಯೋದಕ್ಕಿಂತ ಹೂ ಕೊಡೋದು ಮೇಲು. ಜಯದೇವ ಸರ್ಕಲ್‌ನಿಂದ ಗಾಂಧಿ ಸರ್ಕಲ್ ತನಕ ಘೋಷಣೆ ಕೂಗ್ತಾ ಹೋದ್ವಿ, ಬಿಸಿಲು ಅಂದ್ರೆ ಬಿಸಿಲು, ಹೂ ಅರ್ಧ ದಾರೀಲೇ ಬಾಡಿ ತಲೆ ಬಗ್ಗಿಸಿದ್ವು. ಹೂ ಇಸ್ಕೊಂಡ ಒಬ್ಬ ಆಟೋದವನು ಅದನ್ನ ಮೀಟರ್‌ಗೆ ಸಿಗಿಸಿ ಇನ್ನೊಂದು ಕೈಯಲ್ಲಿ ಚೀಟು ಹರಿದು ಬಾಯಿಗೆ ಸುರ್ಕೊಂಡ, ನಮ್ಮ ಕಡೆ ನೋಡಿ ನಕ್ಕ, ಕೆಟ್ಟ ನಗುವೇನಲ್ಲ ಪಾಪ. ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದ ನಮ್ಮ ಕ್ಲಾಸಿನ ಹರಿಹರದ ಹುಡುಗ ಮೆರವಣಿಗೆ ಮುಗಿದು ಬಿಸ್ಕತ್ತು ಹಂಚೋ ಟೈಮಿಗೆ ಕಾಣಲಿಲ್ಲ. ಎಲ್ಲಿ ಅಂತ ಹುಡುಕಿದ್ರೆ ಗೇಟ್ ಎದುರಿನ ಗೂಡಂಗಡಿ ಹಿಂದೆ, ದಾರದಲ್ಲಿ ಕಟ್ಟಿ ನೇತು ಹಾಕಿದ ಲೈಟರ್ ಹಿಡ್ಕೊಂಡು ಸಿಗರೇಟು ಹಚ್ತಿದ್ದ. ನನ್ನ ನೋಡಿ, "ಗಂಟಲು ಒಣಗೈತೆ ಲೇ" ಅಂದ.

ಆ ಗೂಡಂಗಡಿ ಕಾಕಾಂದು. ಕಾಕಾ ಅಂದ್ರೆ ಊರಿಗೆಲ್ಲ ಕಾಕಾ. ಮೊದಲು ಕಾಟನ್ ಮಿಲ್ಲಲ್ಲಿ ಸ್ಪಿನ್ನಿಂಗ್‌ನಲ್ಲಿದ್ದೋರು. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದ ಮನುಷ್ಯ, ಮಿಲ್ಲು ಮುಚ್ಚಿದ್ಮೇಲೆ ಬಂದ ಚೂರುಪಾರು ದುಡ್ಡಲ್ಲಿ ತಗಡಿನ ಗೂಡು ಮಾಡಿಸ್ಕೊಂಡು ಕೂತಿದ್ರು. ಅವರಿಗೂ ದವಡೆಯಲ್ಲಿ ತಂಬಾಕು ಇರ್ಲೇಬೇಕು. ಯಾಕೆ ಕಾಕಾ ಬೀಡಿ ಇಲ್ದೆ ಇದು ಅಂತ ಒಂದ್ಸಲ ಕೇಳಿದ್ದಕ್ಕೆ, "ಮಿಲ್ಲಲ್ಲಿ ಬೀಡಿ ಹಚ್ಚಂಗಿಲ್ಲ ತಮ್ಮಾ, ಗಾಳಿ ತುಂಬ ಹತ್ತಿ, ಒಂದ್ ಕಿಡಿ ಬಿದ್ರೆ ಮುಗೀತು. ಎಂಟು ತಾಸು ನಿದ್ದಿ ಬರಬಾರ್ದು, ಬಾಯಾಗ ಏನಾದ್ರು ಬೇಕಲ್ಲ" ಅಂದಿದ್ರು. ಚಟ ಅನ್ನೋದಕ್ಕೆ ನಾವು ಕ್ಯಾರೆಕ್ಟರ್ ಕಾರಣ ಕೊಡ್ತೀವಿ, ಅವರು ಶಿಫ್ಟ್ ಕಾರಣ ಕೊಟ್ರು.

ಹೂ ಕೊಡೋದು ಬಿಟ್ಟು ಟೇಪು ಹಿಡಿಯೋಕೆ ಕಾರಣ ಆಗಿದ್ದು ಮಾತ್ರ ಒಂದು ಮಿರ್ಚಿ.

ನನ್ನ ರೂಮ್‌ಮೇಟು ಜಗಳೂರು ಕಡೆಯವನು. ಇಬ್ಬರೂ ಸಂಜೆ ಮಂಡಕ್ಕಿ ಮಿರ್ಚಿಗೆ ಹೋಗೋದು ರೂಢಿ, ದಾವಣಗೆರೇಲಿ ಓದಿದವರಿಗೆ ಅದನ್ನ ಬಿಡಿಸಿ ಹೇಳ್ಬೇಕಿಲ್ಲ. ಎರಡನೇ ವರ್ಷದ ಕೊನೆಗೆ ಇವನು ಮಿರ್ಚಿ ಬಿಟ್ಟ. ಬರೀ ಮಂಡಕ್ಕಿ ತಿಂತಾನೆ, ಅದರಲ್ಲೂ ಖಾರ ಹಾಕ್ಬೇಡಿ ಅಂತಾನೆ. ಏನ್ಲೇ, ಮದುವೆ ಗೊತ್ತಾಯ್ತಾ, ಡಯಟ್ಟಾ ಅಂತ ರೇಗಿಸ್ತಿದ್ವಿ. ಆಮೇಲೆ ಬೆಣ್ಣೆ ದೋಸೇನೂ ಚಿಕ್ಕಚಿಕ್ಕ ಚೂರು ಮಾಡಿ ಒಳಗೆ ತುರುಕೋಕೆ ಶುರು ಮಾಡಿದ. ನಾನು ಗಮನಿಸಲಿಲ್ಲ, ಒಂದೇ ರೂಮಲ್ಲಿದ್ದು ಗಮನಿಸಲಿಲ್ಲ, ಈ ಮಾತು ನನಗೆ ಈಗ್ಲೂ ಚುಚ್ಚುತ್ತೆ. ಹಲ್ಲು ನೋವು ಅಂತ ಆಸ್ಪತ್ರೆಗೆ ಹೋದಾಗ ಡಾಕ್ಟ್ರಮ್ಮ ಹಲ್ಲು ನೋಡೋ ಮೊದಲೇ, "ಮೂರು ಬೆರಳು ಜೋಡಿಸಿ ನಿಲ್ಲಿಸಿ ಬಾಯಲ್ಲಿ ಇಟ್ಕೊಳಪ್ಪ" ಅಂದ್ರು. ನಾನು ಪಕ್ಕದಲ್ಲಿ ಕೂತಿದ್ದೆ, ಸುಮ್ನೆ ನನ್ನ ಬಾಯಲ್ಲಿ ಇಟ್ಟು ನೋಡ್ಕೊಂಡೆ, ಆರಾಮಾಗಿ ಹೋಯ್ತು. ಅವನಿಗೆ ಒಂದು ಬೆರಳು ಹೋಯ್ತು, ಎರಡನೇದು ಹಲ್ಲಿಗೆ ತಾಗ್ತು. "ಖಾರ ತಿಂದ್ರೆ ಉರಿ ಎಷ್ಟು ದಿನದಿಂದ?" ಅಂತ ಕೇಳಿದ್ರು. ಅವನು ಲೆಕ್ಕ ಹಾಕಿ, ವರ್ಷ ಆಯ್ತು ಮೇಡಂ ಅಂದ.

ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಅದರ ಹೆಸರು. ಕೆನ್ನೆ ಒಳಗಿನ ಮೆತ್ತನೆ ಪದರ ಗಟ್ಟಿಯಾಗಿ ಹಗ್ಗ ಬಿಗಿದಂಗೆ ಆಗೋದು, ದಿನ ಕಳೆದಂಗೆ ಬಾಯಿ ತೆರೆಯೋಕಾಗಲ್ಲ. ವ್ಯಾಯಾಮ, ಇಂಜೆಕ್ಷನ್ ಇದಾವೆ, ಹೆಚ್ಚಾಗದಂಗೆ ತಡೀಬಹುದು, ಪೂರ್ತಿ ಮೊದಲಿನಂಗೆ ಆಗೋದು ಕಷ್ಟ, ಮುಂದೆ ಕ್ಯಾನ್ಸರ್‌ಗೆ ತಿರುಗೋ ಭಯ ಬೇರೆ. ನಮ್ಮ ಹುಡುಗ ಒಂದೇ ಮಾತು ಹೇಳ್ತಿದ್ದ, "ಮೇಡಂ ನಾನು ತಂಬಾಕು ಮುಟ್ಟೇ ಇಲ್ಲ, ಬರೀ ಪಾನ್ ಮಸಾಲ." ಅದು ನಿಜ. ಅವನು ಸೇದೋನಲ್ಲ, ಗುಟ್ಕಾದೋನೂ ಅಲ್ಲ. 2013ರ ಮೇ ಕೊನೆಗೆ ನಮ್ಮ ರಾಜ್ಯದಲ್ಲಿ ಗುಟ್ಕಾ ಬ್ಯಾನ್ ಆಯ್ತಲ್ಲ, ತಿನ್ನೋ ಪದಾರ್ಥದಲ್ಲಿ ತಂಬಾಕು ಬೆರೆಸಬಾರ್ದು ಅನ್ನೋ ಆಹಾರ ಸುರಕ್ಷತೆ ನಿಯಮ ಹಿಡ್ಕೊಂಡು ಮಾಡಿದ ಬ್ಯಾನ್ ಅದು. ಕಂಪನಿಗಳು ಏನ್ ಮಾಡಿದ್ವು ಅಂದ್ರೆ ಬೆರೆಸೋದು ಬಿಟ್ವು, ಅಷ್ಟೇ. ಪಾನ್ ಮಸಾಲ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಎರಡನ್ನೂ ಒಂದೇ ಮೊಳೆಗೆ ಅಕ್ಕಪಕ್ಕ ನೇತು ಹಾಕ್ತಾರೆ, ಗಿರಾಕಿ ಅಂಗೈಯಲ್ಲಿ ತಾನೇ ಬೆರೆಸ್ಕೋತಾನೆ. ಕಾನೂನು ಪಾಲನೆ ಆಯ್ತು. ನಮ್ಮ ಹುಡುಗ ಮೊದಲನೇ ಚೀಟು ಮಾತ್ರ ತಗೊಂಡು ಎರಡನೇದನ್ನ ಬಿಟ್ಟು, ಇದರಲ್ಲಿ ತಂಬಾಕಿಲ್ಲ, ಏನೂ ಆಗಲ್ಲ ಅಂತ ನಂಬ್ಕೊಂಡಿದ್ದ. ಈ ಕಾಯಿಲೆಗೆ ಪಾನ್ ಮಸಾಲದಲ್ಲಿರೋ ಅಡಿಕೆಯೊಂದೇ ಸಾಕು ಅಂತ ಡಾಕ್ಟ್ರಮ್ಮ ಹೇಳಿದಾಗ ಅವನಿಗಿಂತ ಹೆಚ್ಚು ಬೆಚ್ಚಿದ್ದು ನಾನು. ಅದಕ್ಕೆ ಕಾರಣ ನಮ್ಮ ತೋಟ, ಅದನ್ನ ಆಮೇಲೆ ಹೇಳ್ತೀನಿ.

ಆ ವಾರ ನಾವು ಐದು ಜನ ಹಾಸ್ಟೆಲ್ ಟೆರೇಸ್ ಮೇಲೆ ಕೂತು ಸಿಟ್ಟಲ್ಲಿ ಏನೇನೋ ಮಾತಾಡಿದ್ವಿ. ಹರಿಹರದವನೂ ಇದ್ದ, ಸಿಗರೇಟು ಸೇದ್ತಾನೇ ಸಿಟ್ಟಾಗಿದ್ದ. ಅಂಗಡಿ ಸುಟ್ಟುಬಿಡೋಣ ಅಂತ ಒಬ್ಬ, ಇನ್ನೊಂದು ರ‍್ಯಾಲಿ ಅಂತ ಇನ್ನೊಬ್ಬ. ಆಗ ನಮ್ಮ ಕ್ಲಾಸಿನ ಒಬ್ಬಳು (ಅವಳೂ ಐದರಲ್ಲಿ ಒಬ್ಬಳು, ಹಾಸ್ಟೆಲ್ ಟೆರೇಸ್‌ಗೆ ಬರೋ ಹಂಗಿಲ್ಲ ಅಂತ ಫೋನಲ್ಲೇ ಇದ್ಲು, ಸ್ಪೀಕರ್ ಹಾಕಿದ್ವಿ) ಒಂದು ಮಾತು ಕೇಳಿದ್ಲು, "ನಮ್ ಗೇಟ್ ಪಕ್ಕ ಒಂದು ಬೋರ್ಡ್ ಐತಲ್ಲ, ಅದರಾಗೆ ಏನ್ ಬರದೈತೆ ಯಾರಾದ್ರೂ ಓದಿದೀರಾ?" ಯಾರೂ ಓದಿರಲಿಲ್ಲ. ಮೂರು ವರ್ಷ ಅದಕ್ಕೆ ಬೈಕ್ ಒರಗಿಸಿ ನಿಲ್ಲಿಸ್ತಿದ್ವಿ. ಬೆಳಿಗ್ಗೆ ಹೋಗಿ ಬೈಕ್ ಸರಿಸಿ ನೋಡಿದ್ರೆ, ಈ ಸಂಸ್ಥೆಯಿಂದ ನೂರು ಗಜದೊಳಗೆ ಸಿಗರೇಟು, ತಂಬಾಕು ಮಾರೋದು ಅಪರಾಧ, 200 ರೂಪಾಯಿವರೆಗೆ ದಂಡ ಅಂತ ಇದೆ. ಬೋರ್ಡಿಂದ ಕಾಕಾನ ಅಂಗಡಿ ಕೂಗಳತೆ ಕೂಡ ಅಲ್ಲ, ಪಿಸುಮಾತು ಅಳತೆ.

ಸಿಗರೇಟು, ತಂಬಾಕು ಪದಾರ್ಥಗಳ ಮೇಲಿನ ಕಾಯ್ದೆ ಇದು, ಕೋಟ್ಪಾ ಅಂತಾರಲ್ಲ, 2003ರದ್ದು. ನೆಟ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆಸಿ ಓದಿದ್ವಿ. ಓದ್ತಾ ಹೋದಂಗೆ ಒಂಥರಾ ಅವಮಾನ ಆಯ್ತು, ಯಾಕಂದ್ರೆ ನಾವು ಹೂ ಕೊಟ್ಟು ಕೈ ಮುಗಿದು ಬೇಡ್ಕೊಂಡಿದ್ದೆಲ್ಲ ಹದಿನಾಲ್ಕು ವರ್ಷದಿಂದ ಕಾನೂನಲ್ಲೇ ಇತ್ತು. ಸೆಕ್ಷನ್ 4 ಸಾರ್ವಜನಿಕ ಜಾಗದಲ್ಲಿ ಸೇದೋದರ ಬಗ್ಗೆ, 5 ಜಾಹೀರಾತು, 6 ಚಿಕ್ಕವರಿಗೆ ಮಾರೋದು ಮತ್ತೆ ನಮ್ಮ ನೂರು ಗಜ, 7 ಪಾಕೀಟ್ ಮೇಲಿನ ಫೋಟೋ. 2008ರ ಅಕ್ಟೋಬರ್ 2ಕ್ಕೆ ಬಂದ ನಿಯಮದ ಪ್ರಕಾರ ಸೇದೋರಿಗೆ ದಂಡ ಹಾಕೋ ಅಧಿಕಾರ ಪೊಲೀಸರಿಗೆ ಮಾತ್ರ ಅಲ್ಲ, ಹೆಡ್‌ಮಾಸ್ಟ್ರಿಗೂ ಇದೆ, ರೈಲ್ವೆ ಸ್ಟೇಷನ್ ಮಾಸ್ಟ್ರಿಗೂ ಇದೆ, ಪೋಸ್ಟ್ ಮಾಸ್ಟ್ರಿಗೂ ಇದೆ. ಪೋಸ್ಟ್ ಮಾಸ್ಟರ್ ರಸೀದಿ ಹರಿದು ಯಾರಿಗಾದ್ರೂ ದಂಡ ಹಾಕಿದ್ದನ್ನ ನೀವು ನೋಡಿದೀರಾ? ನಮ್ಮಲ್ಲಿ ಯುವಕರಿಗೆ ಕೊಡೋ ಕೆಲಸ ಯಾವಾಗ್ಲೂ ಒಂದೇ, ಜಾಗೃತಿ ಮೂಡಿಸೋದು. ಸೇದೋನ ಹತ್ರ ಹೋಗಿ ಕೇಳು ಅಂತಾರೆ. ಸಹಿ ಹಾಕಿ ಸೀಲು ಇಟ್ಕೊಂಡು ಕೂತವರ ಹತ್ರ ಹೋಗಿ ಕೇಳು ಅಂತ ಯಾರೂ ಹೇಳಲ್ಲ, ಆ ಕೇಳೋದಕ್ಕೆ ಶಾಮಿಯಾನ ಬೇಕಾಗಲ್ಲ, ಬಿಸ್ಕತ್ತೂ ಹಂಚಲ್ಲ.

ಅಳೆಯೋಣ ಅಂತ ಆಯ್ತು. ಗಜ ಅಂದ್ರೆ ಮೂರು ಅಡಿ, ಜವಳಿ ಊರಲ್ಲಿ ಅದು ಗೊತ್ತಿರೋದೇ. ನೂರು ಗಜ ಅಂದ್ರೆ 91.44 ಮೀಟರ್, ಮೂವತ್ತರ ಟೇಪು ಮೂರು ಸಲ, ಮೇಲೆ ಒಂದೂವರೆ ಮೀಟರ್ ಹತ್ರ. ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿದ್ವಿ. ಗೇಟ್ ಹತ್ರ ಟೇಪಿನ ತುದಿ ಹಿಡಿಯೋಕೆ ಒಬ್ಬರು ಕಡಿಮೆ ಬಿದ್ರು. ಕಾಕಾ ಅಂಗಡಿಯಿಂದ ಎದ್ದು ಬಂದು, "ಏನ್ ತಮ್ಮಾ, ರೋಡ್ ಅಗಲ ಮಾಡ್ತಾರಾ?" ಅಂತ ಕೇಳಿದ್ರು. ನಾವು ಹೌದು ಅನ್ನಲಿಲ್ಲ, ಇಲ್ಲಾನೂ ಅನ್ನಲಿಲ್ಲ. ಅವರೇ ಟೇಪಿನ ತುದಿ ಇಸ್ಕೊಂಡು ಗೇಟಿನ ಕಂಬಕ್ಕೆ ಒತ್ತಿ ಹಿಡಿದ್ರು. "ಬಿಗಿಯಾಗಿ ಎಳೀರಿ, ಜೋಲು ಬಿದ್ರೆ ಅಳತೆ ತಪ್ತದೆ" ಅಂತ ನಮಗೇ ಹೇಳಿಕೊಟ್ರು. ನನ್ನ ಹೆಜ್ಜೆ ಲೆಕ್ಕದಲ್ಲಿ ನೂರಾ ಇಪ್ಪತ್ತೆಂಟು ಆಯ್ತು. ಅಷ್ಟರೊಳಗೆ ತಂಬಾಕು ಮಾರೋ ಅಂಗಡಿ ಹನ್ನೊಂದು. ನಮ್ಮ ಕಾಲೇಜಿಗೆ ಅಂಟಿಕೊಂಡೇ ಒಂದು ಹೈಸ್ಕೂಲೂ ಇತ್ತು, ಎರಡಕ್ಕೂ ಒಂದೇ ಗೇಟು.

ಅರ್ಜಿ ಬರೆದ್ವಿ. ಆ ಅರ್ಜಿ ಹಿಡ್ಕೊಂಡು ಓಡಾಡಿದ್ದನ್ನ ಬರೆದ್ರೆ ಇನ್ನೊಂದು ಬರಹಾನೇ ಆಗುತ್ತೆ, ನಿಮಗೆಲ್ಲ ಗೊತ್ತಿರೋ ಕಥೆ, ಒಂದು ಟೇಬಲ್ಲಿನವರು ಇದು ನಮ್ಮದಲ್ಲ ಅಂದ್ರು, ಇನ್ನೊಂದು ಟೇಬಲ್ಲಿನವರು ಆ ಟೇಬಲ್ಲಿನವರದ್ದೇ ಅಂದ್ರು, ಒಬ್ಬ ಸಾಹೇಬ್ರು ಮಾತ್ರ ಕೂರಿಸಿ ಪೂರ್ತಿ ಓದಿ, "ಸೀರಿಯಲ್ ನಂಬರ್ ಹಾಕಿ ಅಂಗಡಿ ಪಟ್ಟಿ ಮಾಡ್ರಿ, ಎಷ್ಟು ದೂರ ಅಂತ ಮುಂದೆ ಬರೀರಿ, ಫೋಟೋ ಅಂಟಿಸ್ರಿ, ಇನ್‌ವರ್ಡ್ ನಂಬರ್ ಇಸ್ಕಳ್ರಿ" ಅಂದ್ರು. ಭಾಷಣ ಕಲಿಸಿದ ಮೇಷ್ಟ್ರಿಗಿಂತ ಈ ಮನುಷ್ಯ ನಮಗೆ ಹೆಚ್ಚು ಕಲಿಸಿದ್ರು. ಏಳನೇ ಸಲ ಹೋದಾಗ ಇನ್‌ವರ್ಡ್ ನಂಬರ್ ಸಿಕ್ತು. ಅದಾದ ಮೂರು ವಾರಕ್ಕೆ ಜೀಪ್ ಬಂತು.

ಬಂತು, ಆದ್ರೆ ಹೆಂಗೆ ಬಂತು ಅಂದ್ರೆ ಪಟ್ಟಿಯಲ್ಲಿ ಒಂದನೇ ನಂಬರ್ ಕಾಕಾಂದೇ ಇತ್ತು, ಗೇಟಿಗೆ ಹತ್ತಿರ ಇರೋದ್ರಿಂದ ನಾವೇ ಹಂಗೆ ಬರೆದಿದ್ವಿ. ಅವರಿಗೆ 200 ರೂಪಾಯಿ ದಂಡ, ಮೊಳೆಗೆ ನೇತು ಹಾಕಿದ್ದ ಮಾಲೆಲ್ಲ ಚೀಲಕ್ಕೆ. ಐದನೇ ನಂಬರ್ ಒಂದು ದೊಡ್ಡ ಬೇಕರಿ, ಗಾಜಿನ ಕೌಂಟರ್ ಕೆಳಗೆ ಸಿಗರೇಟು ಇಡ್ತಿದ್ರು, ಅಲ್ಲಿಗೆ ಹೋಗೋ ಹೊತ್ತಿಗೆ ಕೌಂಟರ್ ಕೆಳಗೆ ಬರೀ ಪಫ್ ಇದ್ವು. ಹನ್ನೊಂದರಲ್ಲಿ ದಂಡ ಬಿದ್ದಿದ್ದು ನಾಲ್ಕಕ್ಕೆ, ನಾಲ್ಕೂ ತಗಡಿನವು. ಸಂಜೆ ಕಾಕಾನ ಹತ್ರ ಹೋಗೋಕೆ ಮುಖ ಇರಲಿಲ್ಲ, ಹೋದ್ವಿ. ಬೈತಾರೆ ಅಂದ್ಕೊಂಡಿದ್ವಿ. ಅವರು ಟೀ ಸೋಸ್ತಾ, "ಅವತ್ತು ಟೇಪು ನಾನೇ ಹಿಡಿದಿದ್ನಲ್ಲ ತಮ್ಮಾ" ಅಂದ್ರು, ಅಷ್ಟೇ. ಆಮೇಲೆ, "ಎಲ್ಲಿಂದಾಚೆ ಹಾಕ್ಕೊಂಡ್ರೆ ಸರಿ, ಅದನ್ನಾದ್ರೂ ಹೇಳ್ರಿ" ಅಂದ್ರು.

ಮುಂದಿನ ಭಾನುವಾರ ನಾವೇ ಐದು ಜನ ಸೇರಿ ಗೂಡನ್ನ ತಳ್ಕೊಂಡು ಹೋದ್ವಿ. ಗೇಟಿಂದ ರಸ್ತೆ ಉದ್ದ ಅಳ್ಕೊಂಡು ಹೋಗಿ, ಎಡಕ್ಕೆ ತಿರುಗೋ ಓಣಿಯಲ್ಲಿ ನೂರಾ ನಲವತ್ತನೇ ಹೆಜ್ಜೆಗೆ, ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದ್ವಿ. ಹನ್ನೆರಡು ಹೆಜ್ಜೆ ಎಕ್ಸ್‌ಟ್ರಾನೇ ಬಿಟ್ಟಿದ್ವಿ, ಯಾರೂ ಕೇಳಬಾರ್ದು ಅಂತ. ನೆರಳು ಚೆನ್ನಾಗೈತೆ ಅಂತ ಕಾಕಾನೂ ಖುಷಿಯಾದ್ರು.

ಇಷ್ಟು ಮಾಡಿದ್ದಕ್ಕೆ ಏನಾಯ್ತು ಅಂತ ಕೇಳಿದ್ರೆ, ನಮ್ಮ ಡಿಗ್ರಿ ಹುಡುಗರಿಗೆ ಏನೂ ಆಗಲಿಲ್ಲ, ನೂರಾ ನಲವತ್ತು ಹೆಜ್ಜೆ ನಡೆದು ಹೋಗಿ ಸೇದಿ ಬಂದ್ರು, ಹರಿಹರದವನು ವಾಕಿಂಗ್ ಆಯ್ತು ಲೇ ಅಂದ. ಆದ್ರೆ ಹೈಸ್ಕೂಲಿನ ಚಿಕ್ಕ ಹುಡುಗರಿಗೆ ಇಂಟರ್ವಲ್ ಹತ್ತೇ ನಿಮಿಷ. ಹೋಗಿ, ತಗೊಂಡು, ಬಾಯಿ ತೊಳ್ಕೊಂಡು ಬರೋ ಹೊತ್ತಿಗೆ ಬೆಲ್ ಆಗುತ್ತೆ. ಮೊದಲು ಗೇಟ್ ಸಂದಿಯಿಂದ ಕೈ ಚಾಚಿ ಚೀಟು ಇಸ್ಕೊಳ್ತಿದ್ದ ಹುಡುಗರು ನಾಲ್ಕೈದು ತಿಂಗಳು ಆ ಕಡೆ ಕಾಣಲಿಲ್ಲ. ನಾಲ್ಕೈದು ತಿಂಗಳು, ಅಷ್ಟೇ, ಆಮೇಲೆ ನಾವು ಕಾಲೇಜು ಮುಗಿಸಿ ಹೊರಟ್ವಿ. ಈ ಕಾನೂನು ಮಾಡಿದವರು ಯಾರೋ ಬುದ್ಧಿವಂತರು ಅಂತ ನಂಗೆ ಆಗ ಹೊಳೀತು, ನೂರು ಗಜ ಅನ್ನೋದು ಚಟ ಹತ್ತಿದವನನ್ನ ತಡೆಯೋಕೆ ಅಲ್ಲ, ಹತ್ತದೇ ಇರೋನಿಗೆ ಸೋಮಾರಿತನ ಬರಿಸೋಕೆ. ಆಮೇಲೆ ಬಂದ 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ ನಮ್ಮ ದೇಶದ 13ರಿಂದ 15 ವಯಸ್ಸಿನ ವಿದ್ಯಾರ್ಥಿಗಳಲ್ಲಿ 100ಕ್ಕೆ 8.5 ಜನ ಯಾವುದಾದ್ರೂ ಒಂದು ತಂಬಾಕು ಬಳಸ್ತಾರೆ ಅಂತ ಬಂತು. ಅದಕ್ಕಿಂತ ಹೆಚ್ಚು ನಂಗೆ ತಲೆಯಲ್ಲಿ ಕೂತಿದ್ದು ಇನ್ನೊಂದು ಸಾಲು, ಜಗಿಯೋ ಹುಡುಗರಲ್ಲಿ ಅರ್ಧಕ್ಕರ್ಧ ಜನ ಶುರು ಮಾಡಿದ್ದು ಹತ್ತು ವರ್ಷ ತುಂಬೋ ಮೊದಲೇ. ಹತ್ತು ವರ್ಷ ಅಂದ್ರೆ ನಾಲ್ಕನೇ ಕ್ಲಾಸು, ಐದನೇ ಕ್ಲಾಸು. ನಾವು ಜಾಗೃತಿ ಭಾಷಣ ಇಡೋದು ಡಿಗ್ರಿ ಕಾಲೇಜಲ್ಲಿ!

ದೆಹಲಿ, ಚೆನ್ನೈನ 32 ಶಾಲೆಗಳಲ್ಲಿ 2004ರಿಂದ 2006ರವರೆಗೆ ಮೈತ್ರಿ ಅಂತ ಒಂದು ಪ್ರಾಜೆಕ್ಟ್ ನಡೆದಿತ್ತು, 6 ಮತ್ತು 8ನೇ ಕ್ಲಾಸಿನಿಂದ ಶುರು. ಅರ್ಧ ಶಾಲೆಯಲ್ಲಿ ಮಕ್ಕಳನ್ನೇ ಲೀಡರ್ ಮಾಡಿ ಕ್ಲಾಸ್ ಚಟುವಟಿಕೆ, ಪೋಸ್ಟರ್ ಎಲ್ಲ ಮಾಡಿಸಿದ್ರು, ಇನ್ನರ್ಧ ಶಾಲೇನ ಹಂಗೇ ಬಿಟ್ರು. ಎರಡು ವರ್ಷದಲ್ಲಿ ಹಂಗೇ ಬಿಟ್ಟ ಕಡೆ ತಂಬಾಕು ಬಳಕೆ ಶೇ. 68ರಷ್ಟು ಏರಿತ್ತು, ಮಾಡಿಸಿದ ಕಡೆ ಶೇ. 17ರಷ್ಟು ಇಳಿದಿತ್ತು. ಮಕ್ಕಳ ಕೈಗೆ ಮೈಕ್ ಕೊಡೋದಕ್ಕೂ ಕೆಲಸ ಕೊಡೋದಕ್ಕೂ ಇರೋ ವ್ಯತ್ಯಾಸ ಇದೇ ಅನ್ಸುತ್ತೆ ನಂಗೆ. ದೊಡ್ಡವರಲ್ಲೂ ಏನೂ ಬದಲಾಗಿಲ್ಲ ಅಂತಲ್ಲ, ಕರ್ನಾಟಕದಲ್ಲಿ ತಂಬಾಕು ಬಳಸೋರು 2009-10ರಲ್ಲಿ ಶೇ. 28.2 ಇದ್ದೋರು 2016-17ಕ್ಕೆ ಶೇ. 22.8ಕ್ಕೆ ಇಳಿದಿದ್ರು. ಇದು ಹೂವಿಂದ ಆಯ್ತಾ, ಫೋಟೋದಿಂದ ಆಯ್ತಾ, ರೇಟ್ ಏರಿದ್ದರಿಂದ ಆಯ್ತಾ ಅಂತ ಬಿಡಿಸಿ ಹೇಳೋಕೆ ನಾನ್ಯಾರು.

ಫೋಟೋ ಅಂದಾಗ ನೆನಪಾಯ್ತು. 2016ರ ಏಪ್ರಿಲ್‌ನಿಂದ ಪಾಕೀಟಿನ ಶೇ. 85 ಭಾಗ ಎಚ್ಚರಿಕೆ ಫೋಟೋನೇ ಇರ್ಬೇಕು ಅಂತ ಬಂತಲ್ಲ, ಕಾಕಾನ ಅಂಗಡೀಲಿ ಜನ, "ಗಂಟಲಿಂದು ಬ್ಯಾಡ, ಬ್ಯಾರೆ ಫೋಟೋದ್ದು ಕೊಡ್ರಿ" ಅಂತ ಕೇಳೋದನ್ನ ನಾನೇ ಕೇಳಿದೀನಿ. ಅಂದ್ರೆ ಚುಚ್ಚುತ್ತೆ ಅಂತಾಯ್ತು. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟೇ ಆ ನಿಯಮ ರದ್ದು ಮಾಡ್ತು, ಜನವರಿ 8ಕ್ಕೆ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಡ್ತು. ಆ ಮಧ್ಯದ ಮೂರು ವಾರ ನಾವು ಐದು ಜನ ಪೇಪರ್ ಓದಿದಷ್ಟು ಎಕ್ಸಾಮ್‌ಗೂ ಓದಿಲ್ಲ. ಬೆಂಗಳೂರಲ್ಲಿ ಅಷ್ಟು ದೊಡ್ಡ ವಕೀಲರು ವಾದ ಮಾಡ್ತಾರೆ ಅಂದ್ರೆ ಆ ಫೋಟೋಗೆ ಬೆಲೆ ಇದೆ ಅಂತಾನೇ ಅರ್ಥ ಅಲ್ವಾ, ಕೆಲಸಕ್ಕೆ ಬಾರದ್ದಕ್ಕೆ ಯಾರ್ ಕೇಸ್ ಹಾಕ್ತಾರೆ. ಗುಲಾಬಿ ಆಂದೋಲನ ನಿಲ್ಲಿಸಿ ಅಂತ ಯಾವ ಕಂಪನೀನೂ ಇವತ್ತಿಗೂ ಕೋರ್ಟ್‌ಗೆ ಹೋದದ್ದು ನಾನು ಕೇಳಿಲ್ಲ.

ಈಗ ತೋಟದ ವಿಷಯ.

ನಮ್ಮದು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಕಡೆ. ಎರಡೂವರೆ ಎಕರೆ ಅಡಿಕೆ. ತಾತನ ಕಾಲದಲ್ಲಿ ಭತ್ತ ಇತ್ತು, ಅಪ್ಪ ತೋಟ ಮಾಡಿದ್ರು, ಅಕ್ಕಪಕ್ಕದವರೂ ಮಾಡಿದ್ರು, ಈಗ ನಮ್ಮೂರಲ್ಲಿ ಬೆಳಿಗ್ಗೆ ಎದ್ದು ದೇವರ ಫೋಟೋ ನೋಡೋ ಮೊದಲು ವಾಟ್ಸಾಪಲ್ಲಿ ರಾಶಿ ಅಡಿಕೆ ರೇಟು ನೋಡ್ತಾರೆ. ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಕೊಯ್ಲು ನಡೀತಿತ್ತು. ಹಿತ್ತಲಲ್ಲಿ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯ್ತಾ ಇತ್ತು, ಚೊಗರಿನ ವಾಸನೆ, ಸುಲಿಯೋ ಹೆಂಗಸರ ಮಾತು, ನಂಗೆ ಹುಟ್ಟಿದಾಗಿಂದ ಹಬ್ಬ ಅಂದ್ರೆ ಇದೇ ವಾಸನೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ ಅಂತ ಅಪ್ಪಂಗೆ ಹೇಳಿದೆ. ರೂಮ್‌ಮೇಟಿನ ಬಾಯಿ ವಿಷಯಾನೂ ಹೇಳಿದೆ, ಅವನು ನಮ್ಮನೆಗೆ ಬಂದು ಉಂಡು ಹೋಗಿದ್ದ ಹುಡುಗ, ಅಪ್ಪಂಗೆ ಗೊತ್ತು. ಅಪ್ಪ ಸೌದೆ ಒಳಗೆ ನೂಕ್ತಾ ಸುಮಾರು ಹೊತ್ತು ಮಾತಾಡಲಿಲ್ಲ. ಒಂದು ವಿಷಯ ಹೇಳ್ಬೇಕು, ಅಪ್ಪ ಎಲೆಅಡಿಕೆ ಹಾಕಲ್ಲ. ಅಜ್ಜಿ ಹಾಕ್ತಿದ್ಲು, ಸಂಚಿ ಅವಳ ಸೊಂಟ ಬಿಟ್ಟು ಇಳಿದಿದ್ದೇ ಇಲ್ಲ, ಕಡ್ಡಿಪುಡಿ ಸಮೇತ, ಎಂಬತ್ತು ದಾಟಿ ಹೋದ್ಲು. ಊರಲ್ಲಿ ಯಾರ ಹತ್ರ ಈ ಮಾತು ತೆಗೆದ್ರೂ ಇಂಥ ಒಂದು ಅಜ್ಜಿ ಎದ್ದು ಬರ್ತಾಳೆ. ಎಂಬತ್ತು ದಾಟದೇ ಹೋದವರ ಲೆಕ್ಕ ಯಾರೂ ಇಟ್ಟಿರಲ್ಲ.

"ಗುಟ್ಕಾ ಬ್ಯಾನ್ ಆದಾಗ ರೇಟು ಬಿದ್ದೇ ಹೋಗುತ್ತೆ ಅಂತ ಎದಿ ಒಡಕಂಡಿದ್ವಿ. ಮಾರನೇ ವರ್ಷ ನೋಡಿದ್ರೆ ಕಾಣದ ರೇಟು ಬಂತು" ಅಂದ್ರು ಅಪ್ಪ. ಅವರು ಹೇಳಿದ್ದು ಸಮಾಧಾನಕ್ಕೆ, ನಂಗೆ ಕೇಳಿಸಿದ್ದು ಬೇರೆ. ಬ್ಯಾನ್ ಆದ್ಮೇಲೂ ರೇಟ್ ಏರ್ತು ಅಂದ್ರೆ ಆ ಅಡಿಕೆ ಯಾವುದೋ ಬಾಯಿಗೆ ಹೋಗ್ತಾನೇ ಇದೆ ಅಂತ ತಾನೇ. ಆಮೇಲೆ ಅಪ್ಪ ಕೇಳಿದ್ರು, ಸಿಟ್ಟಿಂದ ಅಲ್ಲ, ನಿಜವಾಗ್ಲೂ ತಿಳ್ಕೊಳೋಕೆ ಕೇಳಿದಂಗೆ, "ಆತು, ಅಡಿಕೆ ಬ್ಯಾಡ. ಏನ್ ಹಾಕ್ಲಿ ಹೇಳು, ಹಾಕ್ತೀನಿ." ನಂಗೆ ಗೊತ್ತಿರಲಿಲ್ಲ. ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದ ಒಂದಿದೆ, ಭಾರತ 2004ರಲ್ಲೇ ಒಪ್ಕೊಂಡಿದೆ, ಅದರ 17ನೇ ವಿಧಿಯಲ್ಲಿ ತಂಬಾಕು ಬೆಳೆಯೋರಿಗೆ ಬೇರೆ ದಾರಿ ಮಾಡಿಕೊಡ್ಬೇಕು ಅಂತ ಬರೆದಿದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತ ಕೊನೇಪಕ್ಷ ಆ ಕಾಗದದಲ್ಲಾದ್ರೂ ಇದಾನೆ. ನಮ್ಮ ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಅಡಿಕೆಯವರು ಅದರಲ್ಲೂ ಇಲ್ಲ. ಅಪ್ಪನ ಪ್ರಶ್ನೆ ಇವತ್ತಿಗೂ ಹಂಗೇ ಇದೆ, ಫಸಲು ಗುತ್ತಿಗೆ ಹಿಡಿಯೋ ಖೇಣಿದಾರ ವರ್ಷ ವರ್ಷ ಬಂದು ತೋಟ ನೋಡಿ ರೇಟ್ ಮಾತಾಡಿ ಹೋಗ್ತಾನೆ, ನನ್ನ ಟ್ಯೂಷನ್ ರೂಮಿನ ಅಡ್ವಾನ್ಸೂ ಅದೇ ದುಡ್ಡು. ಈ ಭಾಗ ನಾನು ಆ ಹುಡುಗಿಗೆ ಹೇಳಲಿಲ್ಲ.

ಅವಳಿಗೆ ಹೇಳಿದ್ದು ಹೊಸ ಕಾನೂನಿನ ಬಗ್ಗೆ. ಕೋಟ್ಪಾಗೆ ನಮ್ಮ ರಾಜ್ಯ ತಿದ್ದುಪಡಿ ತಂದು, ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದು, 2025ರಲ್ಲಿ ಜಾರಿಯಾಗಿದೆ. ತಂಬಾಕು ಕೊಳ್ಳೋಕೆ ಆಗಿರಬೇಕಾದ ವಯಸ್ಸು 18 ಇದ್ದದ್ದು 21 ಆಗಿದೆ, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ 200 ಇದ್ದದ್ದು 1000, ಹುಕ್ಕಾ ಬಾರ್ ಬಂದ್. 21 ಅಂದ್ರೆ ಡಿಗ್ರಿ ಮುಗಿಯೋವರೆಗೂ ಯಾರಿಗೂ ಮಾರೋ ಹಂಗಿಲ್ಲ. ಹಂಗಂತ ಅವಳಿಗೆ ಕಾಲೇಜ್ ಎದುರು ಹೋಗಿ ನೋಡು, ಎಣಿಸ್ಕೊಂಡು ಬಾ, ಭಾಷಣದಲ್ಲಿ ಅದನ್ನೇ ಓದು ಅಂದೆ. ಅವಳು ಓದ್ತಿರೋದು ನಾನು ಓದಿದ ಅದೇ ಕ್ಯಾಂಪಸ್. ಪಾನ್ ಮಸಾಲ ಕಂಪನಿಗಳ ಏಲಕ್ಕಿ ಜಾಹೀರಾತಲ್ಲಿ ಕುಣಿಯೋ ಹೀರೋಗಳಿಗೆ ಅಭಿಮಾನಿಗಳಿರ್ತಾರೆ, ನಿನ್ನ ಭಾಷಣಕ್ಕೆ ಇರಲ್ಲ, ಪರವಾಗಿಲ್ಲ ಅಂತ ಜೋಕೂ ಮಾಡಿದೆ, ಅವಳು ನಗಲಿಲ್ಲ.

ಸೋಮವಾರ ಬಂದ್ಲು, ಜೊತೆಗೆ ಇನ್ನೂ ಮೂರು ಜನ. ಡ್ರಾಯಿಂಗ್ ಶೀಟ್ ಮೇಲೆ ಕಂಪಾಸಲ್ಲಿ ಕಮಾನು ಎಳೆದು ನಕ್ಷೆ ಮಾಡಿದ್ರು, ಹಳದಿ ಸ್ಕೆಚ್ ಪೆನ್ನಲ್ಲಿ. ನಮ್ಮ ಕಾಲದ ಪಟ್ಟಿಗಿಂತ ನೂರು ಪಾಲು ಚೆನ್ನಾಗಿತ್ತು. "ಸರ್, ನೀವು ಗೇಟಿಂದ ಅಳೆದಿದ್ವಿ ಅಂದ್ರಲ್ಲ, ಅದು ತಪ್ಪು ಸರ್" ಅಂದ್ಲು. ಫೋನಲ್ಲಿ ನಿಯಮ ತೆಗೆದು ತೋರಿಸಿದ್ಲು. ಗೇಟಿಂದ ಅಂತ ಎಲ್ಲೂ ಇಲ್ಲ. ಕಾಂಪೌಂಡ್ ಗೋಡೆಯ ಹೊರಗಿನ ಅಂಚಿಂದ, ಸುತ್ತ ಎಲ್ಲಾ ದಿಕ್ಕಿಗೂ, ನೇರ ಗೆರೆ ಹಿಡಿದು ಅಳೀಬೇಕು ಅಂತ ಇದೆ. ರಸ್ತೆ ಹೆಂಗೆ ತಿರುಗುತ್ತೆ ಅನ್ನೋದು ಲೆಕ್ಕಕ್ಕೇ ಬರಲ್ಲ. ಎಂಟು ವರ್ಷ ನಾನು ಇದನ್ನ ಗೊತ್ತಿರೋನ ಥರ ಎಷ್ಟು ಜನಕ್ಕೆ ಹೇಳ್ಕೊಂಡು ತಿರುಗಿದೀನಿ ಅಂತ ನೆನೆಸ್ಕೊಂಡ್ರೆ ಕಿವಿ ಬಿಸಿ ಆಗುತ್ತೆ.

ನಕ್ಷೆ ಮೇಲೆ ಬೆರಳಿಟ್ಟು ನೋಡ್ತಾ ಹೋದೆ. ಗೇಟು, ಬೇಕರಿ (ಈಗ ಎರಡು ಬೇಕರಿ), ಎಡಕ್ಕೆ ತಿರುಗೋ ಓಣಿ. ಆ ಓಣಿ ಮುಂದೆ ಹೋಗಿ ಬಳಸ್ಕೊಂಡು ಹೈಸ್ಕೂಲ್ ಗ್ರೌಂಡಿನ ಹಿಂದುಗಡೆ ಕಾಂಪೌಂಡಿಗೇ ಬರುತ್ತೆ. ನಾವು ಬೆವರು ಸುರಿಸಿ ಗೂಡು ತಳ್ಕೊಂಡು ಹೋಗಿ ನಿಲ್ಲಿಸಿದ್ದು ಆ ಗೋಡೆಯಿಂದ ಐವತ್ತು ಹೆಜ್ಜೆಗೆ. ಗೋಡೆ ಒಂದು ಕಡೆ ಬಿದ್ದು ಹೋಗಿದೆ, ಹುಡುಗರು ಅಲ್ಲಿಂದಾನೇ ದಾಟ್ತಾರಂತೆ ಸರ್, ಅಂದ್ಲು. ಕಾಕಾಗೆ ಈಗ ಎಪ್ಪತ್ತರ ಮೇಲೆ. ಹೋದ ವಾರಾನೂ ಅಲ್ಲಿ ಟೀ ಕುಡಿದು ಬಂದಿದ್ದೆ, "ಸಾವಿರ ಅಂತಲ್ಲ ತಮ್ಮಾ ಈಗ ದಂಡ, ನಮ್ದು ಆಚೆ ಐತೆ ಬಿಡು, ನೀವೇ ಅಳೆದು ಇಟ್ಟೀರಿ" ಅಂದಿದ್ರು.

ಅವಳು ಭಾಷಣ ಬರೆದಿರಲಿಲ್ಲ. ಬರೆದಿದ್ದು ಅರ್ಜಿ, ಸೀರಿಯಲ್ ನಂಬರ್ ಹಾಕಿ, ಎಷ್ಟು ದೂರ ಅಂತ ಮುಂದೆ ಬರೆದು, ನಾಲ್ಕು ಜನದ ಸಹಿ ಹಾಕಿ. "ಸರ್, ಒಂದ್ಸಲ ಕನ್ನಡ ತಪ್ಪಿದ್ರೆ ನೋಡ್ರಿ, ನಾಳೆ ಕೊಡಾಕೆ ಹೋಗ್ತೀವಿ" ಅಂದ್ಲು. ಓದಿದೆ. ಒಂದೆರಡು ಒತ್ತಕ್ಷರ ತಪ್ಪಿದ್ವು, ತಿದ್ದಿದೆ. ಒಂಬತ್ತನೇ ನಂಬರಲ್ಲಿ, ಹೆಸರಿಲ್ಲದ ಗೂಡಂಗಡಿ, ಗ್ರೌಂಡಿನ ಹಿಂದೆ, ಬೇವಿನ ಮರದ ಕೆಳಗೆ ಅಂತ ಇತ್ತು. ಪೆನ್ನು ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಬೇವು ಹೊಡೆದು ಹಾಕಿ, ಹೊಂಗೆ ಅಂತ ತಿದ್ದಿ ವಾಪಸ್ ಕೊಟ್ಟೆ.